ಬಾಯಲ್ಲಿ ಹೇಳಿದ್ದು ನಡಾವಳಿಗೆ ಏರಬೇಕು

ಅಕ್ಕಾ, ಹೊಳಲ್ಕೆರೆ ಕಡೆಯ ನಿಮ್ಮೂರಲ್ಲಿ ಹೆಂಗಸರು ಗ್ರಾಮಸಭೆಯಲ್ಲಿ ಕೇಳಿದ ಬೀದಿದೀಪ ಯಾಕೆ ಬರಲಿಲ್ಲ ಅಂದಿರಿ. ಬಹುಪಾಲು ಸಲ ಆ ಮಾತು ನಡಾವಳಿ ಪುಸ್ತಕಕ್ಕೇ, ಅಂದರೆ ಸಭೆಯ ಮಾತು, ತೀರ್ಮಾನ ಬರೆದಿಡುವ ಪುಸ್ತಕಕ್ಕೇ, ಏರಿರುವುದಿಲ್ಲ.

"ದೀಪ ಹಾಕಿಸಿ" ಅಂದರೆ ಸಾಲದು. ಯಾರ ಮನೆ ಮುಂದಿನ ಕಂಬದಿಂದ ಎಲ್ಲಿವರೆಗೆ, ಎಷ್ಟು ದೀಪ ಅಂತ ಬರೆದು, ನಿಮ್ಮ ಮಹಿಳಾ ಸಂಘದವರೆಲ್ಲ ಸಹಿ ಹಾಕಿ ಎರಡು ಪ್ರತಿ ಒಯ್ಯಿರಿ. ಒಂದು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ), ಇನ್ನೊಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಮೊದಲು ಮಹಿಳಾ ಗ್ರಾಮಸಭೆಯಲ್ಲೇ ಇದನ್ನು ಇಡುವುದು ಒಳ್ಳೆಯದು, ಅಲ್ಲಿ ಮಾತಾಡಲು ಹಿಂಜರಿಕೆ ಕಡಿಮೆ. ಸಭೆ ಮುಗಿಯುವ ಮುನ್ನ ನಿರ್ಣಯವನ್ನು ಗಟ್ಟಿಯಾಗಿ ಓದಿಸಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ!

ನಡಾವಳಿ ಪ್ರತಿ ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅದಕ್ಕೂ ಜಗ್ಗದಿದ್ದರೆ ತಾಲ್ಲೂಕು ಪಂಚಾಯಿತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿಗೆ) ಲಿಖಿತ ದೂರು ಕೊಡಿ.