ಪೆಸಿಫಿಕ್ ಸಾಗರದ ದ್ವೀಪದೇಶ ಟೋಂಗಾ ಬಳಿ 2022ರಲ್ಲಿ ಸಮುದ್ರದೊಳಗಿನ ಜ್ವಾಲಾಮುಖಿ ಅಷ್ಟು ಜೋರಾಗಿ ಸಿಡಿದಿದ್ದು ಹೇಗೆ? ನೀರು ಅದನ್ನು ತಣ್ಣಗಾಗಿಸಬೇಕಿತ್ತಲ್ವಾ?

ಅಲ್ಲಿ ನೀರೇ ಸ್ಫೋಟವನ್ನು ಜೋರು ಮಾಡಿತು. ಕಾದ ಕಾವಲಿಗೆ ನೀರು ಚಿಮುಕಿಸಿದರೆ ಚೊಂಯ್ ಅಂತ ಹನಿಗಳು ಹಾರುತ್ತವಲ್ಲ, ಹಾಗೆ. ಕರಗಿದ ಕಲ್ಲಿಗೆ ತಾಗಿದ ನೀರು ತಟ್ಟನೆ ಆವಿಯಾಗುತ್ತದೆ. ಆವಿಗೆ ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಕು. ಆ ರಭಸಕ್ಕೆ ಕಲ್ಲು ಪುಡಿಪುಡಿಯಾಗಿ, ಒಳಗಿನ ಬಿಸಿಗೆ ಇನ್ನಷ್ಟು ನೀರು ತಾಗುತ್ತದೆ. ಹುಂಗಾ ಟೋಂಗಾ ಎಂಬ ಈ ಜ್ವಾಲಾಮುಖಿಯ ಬಾಯಿ ಹೆಚ್ಚು ಆಳದಲ್ಲಿರಲಿಲ್ಲ. ಆವಿಯನ್ನು ಅದುಮಿ ಹಿಡಿಯುವಷ್ಟು ನೀರಿನ ಭಾರ ಮೇಲಿರಲಿಲ್ಲ. 2022ರ ಜನವರಿ 15ರಂದು ಬೂದಿ, ಆವಿ ಸುಮಾರು 57 ಕಿಲೋಮೀಟರ್ ಎತ್ತರಕ್ಕೆ ಚಿಮ್ಮಿದವು.

ಆಳ ಜಾಸ್ತಿಯಿದ್ದರೆ ಕಥೆಯೇ ಬೇರೆ. ಅದೇ ಸಾಗರದ ಸಮೋವಾ ದ್ವೀಪಗಳ ಕಡೆಯ ವೆಸ್ಟ್ ಮಾಟಾ ಜ್ವಾಲಾಮುಖಿ ಸುಮಾರು 1200 ಮೀಟರ್ ಆಳದಲ್ಲಿದೆ. 2009ರಲ್ಲಿ ಅದು ಉಕ್ಕುತ್ತಿರುವಾಗಲೇ ರೋಬೋಟ್ ಒಂದು ಹತ್ತಿರ ಹೋಗಿ, ಕೆಂಪಗೆ ಹೊಳೆಯುವ ಲಾವಾ ಗುಳ್ಳೆಗಳು ಉಬ್ಬಿ ಒಡೆಯುವುದನ್ನು ವಿಡಿಯೋ ಮಾಡಿತು.