ಆಪ್ತಸಲಹೆ: ರಾತ್ರಿ ಹನ್ನೊಂದಾದರೂ ಮಲಗದ ಹುಡುಗ

(ಗುರುತು ಸಿಗದಂತೆ ಕುಟುಂಬದ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಆರನೇ ತರಗತಿಯಲ್ಲಿ ಓದುತ್ತಿರುವ 11 ವರ್ಷದ ಹುಡುಗ. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ತರಗತಿಯಲ್ಲಿ ತೂಕಡಿಕೆ, ಮನೆಯಲ್ಲಿ ಮಾತೆತ್ತಿದರೆ ಸಿಡುಕು. ಮಕ್ಕಳ ವೈದ್ಯರು ಪರೀಕ್ಷಿಸಿ, ರಕ್ತಹೀನತೆಯಾಗಲಿ ಬೇರೆ ಕಾಯಿಲೆಯಾಗಲಿ ಕಾಣುತ್ತಿಲ್ಲವೆಂದು ಹೇಳಿ ನನ್ನಲ್ಲಿಗೆ ಕಳುಹಿಸಿದ್ದರು. “ಎಲ್ಲದಕ್ಕೂ ಆ ಮೊಬೈಲೇ ಕಾರಣ ಮೇಡಂ. ನೀವೇ ಬುದ್ಧಿ ಹೇಳಿ ಬಿಡಿಸಿ” ಎಂದರು ತಾಯಿ. ತಂದೆ ಬಂದಿರಲಿಲ್ಲ. ಕಿರಾಣಿ ಅಂಗಡಿ ಬಿಟ್ಟು ಬರುವುದು ಅವರಿಗೆ ಕಷ್ಟವಂತೆ.

ಬುದ್ಧಿ ಹೇಳಲು ನಾನು ಹೋಗಲಿಲ್ಲ. ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದೆ, ಬರೆದು ಕೊಡು ಎಂದು ಹುಡುಗನ ಕೈಗೆ ಹಾಳೆ ಕೊಟ್ಟೆ. ಆರೂವರೆಗೆ ಎದ್ದಿದ್ದಾನೆ. ಎಂಟಕ್ಕೆ ಶಾಲೆಯ ವ್ಯಾನು, ನಾಲ್ಕೂವರೆಗೆ ಮನೆ, ಐದರಿಂದ ಏಳು ಟ್ಯೂಷನ್, ನಂತರ ಹೋಮ್‌ವರ್ಕ್. ಎಂಟೂವರೆಯಿಂದ ಮೊಬೈಲ್. ಅಪ್ಪ ಅಂಗಡಿ ಮುಚ್ಚಿ ಬರುವಾಗ ಹತ್ತು ಗಂಟೆ, ಆಮೇಲೆ ಊಟ, ಮಲಗುವಾಗ ಹನ್ನೊಂದೂವರೆ. ಅಲ್ಲಿಗೆ ನಿದ್ದೆ ಏಳೇ ಗಂಟೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು.

ಆಟ ಎಂಬುದು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಹೋದ ವರ್ಷದವರೆಗೆ ಸಂಜೆ ಮೈದಾನದಲ್ಲಿ ಖೋಖೋ ಆಡುತ್ತಿದ್ದನಂತೆ. ಟ್ಯೂಷನ್ ಬಂದು ಅದು ಹೋಯಿತು. ಶಾಲೆಯ ಪಿ.ಟಿ. ಪೀರಿಯಡ್‌ನಲ್ಲೂ ಹೆಚ್ಚಾಗಿ ಗಣಿತವೇ ನಡೆಯುತ್ತದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವಂತೆ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಈ ಹುಡುಗನಿಗೆ ಅದರಲ್ಲಿ ಹತ್ತು ನಿಮಿಷವೂ ಸಿಗುತ್ತಿರಲಿಲ್ಲ.

“ಇಷ್ಟು ಹೊತ್ತು ಎಚ್ಚರ ಇರುವುದು ಏಕೆ?” ಎಂದು ಕೇಳಿದೆ. “ಮಲಗಿಬಿಟ್ಟರೆ ಅಪ್ಪ ಸಿಗುವುದಿಲ್ಲ. ಮೊಬೈಲ್ ಇಲ್ಲದಿದ್ದರೆ ನಿದ್ದೆ ಬಂದುಬಿಡುತ್ತದೆ” ಎಂದ. ತಾಯಿಗೂ ಇದು ಗೊತ್ತಿರಲಿಲ್ಲ.

ಮೊಬೈಲ್‌ನದು ಏನೂ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ರಾತ್ರಿ ಕಣ್ಣಿಗೆ ಬೀಳುವ ಪರದೆಯ ಬೆಳಕು ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಸ್ರವಿಸುವುದನ್ನು ತಡಮಾಡುತ್ತದೆ. ಗೇಮಿನ ಉದ್ವೇಗ ಬೇರೆ. ನಿದ್ದೆಗೆಟ್ಟ ಮಗುವಿಗೆ ಮರುದಿನ ಓಡಾಡಲು ಉತ್ಸಾಹವಿರುವುದಿಲ್ಲ. ಮೈ ದಣಿಯದಿದ್ದರೆ ರಾತ್ರಿ ನಿದ್ದೆ ಬೇಗ ಹತ್ತುವುದಿಲ್ಲ. ಕೆನಡಾ 2016ರಲ್ಲಿ ಹೊರತಂದ ಮಕ್ಕಳ ಮಾರ್ಗಸೂಚಿ ಆಟ, ನಿದ್ದೆ, ಪರದೆ ಮೂರನ್ನೂ 24 ಗಂಟೆಯ ಒಂದೇ ಲೆಕ್ಕದಲ್ಲಿಟ್ಟಿರುವುದು ಇದೇ ಕಾರಣಕ್ಕೆ. ಹೆತ್ತವರು ಮಾತ್ರ ಮೊದಲು ಕೈ ಹಾಕುವುದು ಮೊಬೈಲಿಗೆ. ಮಗುವಿನ ಕೈಯಲ್ಲಿ ಉಳಿದಿರುವ ಏಕೈಕ ಸಂತೋಷವನ್ನು ಕಿತ್ತುಕೊಂಡು, ಅದರ ಜಾಗಕ್ಕೆ ಏನನ್ನೂ ಕೊಡದಿದ್ದರೆ ಜಗಳವಲ್ಲದೆ ಇನ್ನೇನಾದೀತು?

ಹಾಗಾಗಿ ಕೊಡುವುದರಿಂದಲೇ ಆರಂಭಿಸೋಣ ಎಂದೆ. ಮುಂದಿನ ಭೇಟಿಗೆ ತಂದೆಯನ್ನು ಕರೆಸಿ, ಮಗ ಹೇಳಿದ್ದನ್ನು ಅವನ ಒಪ್ಪಿಗೆ ಪಡೆದು ತಿಳಿಸಿದೆ. ಅಂಗಡಿ ತೆರೆಯುವುದು ಒಂಬತ್ತಕ್ಕೆ, ಬೆಳಗಿನ ಹೊತ್ತು ಅವರಿಗೆ ಬಿಡುವಿತ್ತು. ಆರೂವರೆಯಿಂದ ಏಳರವರೆಗೆ ಅಪ್ಪ ಮಗ ಮನೆಯ ಮುಂದೆ ಶಟಲ್ ಆಡುವುದು, ರಾತ್ರಿಯ ಮಾತುಕತೆಯನ್ನು ಬೆಳಿಗ್ಗೆಗೆ ತರುವುದು ಎಂದು ಮೂವರೂ ಒಪ್ಪಿದರು. ಹುಡುಗನ ಊಟ ಎಂಟು ಗಂಟೆಗೆ, ಅಪ್ಪನಿಗಾಗಿ ಕಾಯುವಂತಿಲ್ಲ. ಮಲಗುವ ಸಮಯವನ್ನು ಒಮ್ಮೆಲೇ ಒಂಬತ್ತಕ್ಕೆ ಎಳೆದರೆ ಹಾಸಿಗೆಯಲ್ಲಿ ಹೊರಳಾಡುತ್ತಾನೆ ಅಷ್ಟೇ. ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ, ಏಳುವ ಸಮಯ ಮಾತ್ರ ಭಾನುವಾರವೂ ಬದಲಾಗದಿರಲಿ ಎಂದೆ. ಮೊಬೈಲ್ ಮಲಗುವುದಕ್ಕೆ ಒಂದು ಗಂಟೆ ಮೊದಲೇ ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗಬೇಕು, ತಾಯಿಯದೂ ಸೇರಿ. ಗೇಮನ್ನು ಪಂದ್ಯದ ನಡುವೆ ಕಸಿಯಬೇಡಿ, ‘ಇದೇ ಕೊನೆಯ ಪಂದ್ಯ’ ಎಂದು ಮುಂಚೆಯೇ ತಿಳಿಸಿ ಎಂದು ಒತ್ತಿ ಹೇಳಿದೆ. ಎಷ್ಟೋ ಮನೆಗಳ ರಂಪ ಹುಟ್ಟುವುದು ಅಲ್ಲೇ.

ತಾಯಿಗೆ ಪ್ರತ್ಯೇಕವಾಗಿ ಇನ್ನೊಂದು ಮಾತು ಹೇಳಿದೆ. ಹುಡುಗ ಊಟ ಬಿಟ್ಟರೆ, ಗೆಳೆಯರಿಂದ ದೂರವಾದರೆ, ಬದುಕೇ ಬೇಡವೆಂಬಂತೆ ಮಾತನಾಡಿದರೆ ದಿನಚರಿ ಸರಿಹೋಗಲೆಂದು ಕಾಯಬೇಡಿ. ನನಗೆ ತಿಳಿಸಿ, ಇಲ್ಲವೇ ಹಗಲು ರಾತ್ರಿ ಯಾವಾಗ ಬೇಕಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ.

ಕೆಲವು ವಾರಗಳಲ್ಲಿ ಹೊಟ್ಟೆನೋವು ಬಹುಮಟ್ಟಿಗೆ ನಿಂತಿತು. ಈಗ ಒಂಬತ್ತೂವರೆಗೆ ಮಲಗುತ್ತಾನೆ. ದಸರಾ ರಜೆಯಲ್ಲಿ ಮಾತ್ರ ಮತ್ತೆ ಹಳೆಯ ಹಾದಿಗೆ ಹೊರಳಿದ. ಶಾಲೆ ತೆರೆದ ಮೇಲೆ ಹದಿನೈದು ನಿಮಿಷದ ಲೆಕ್ಕವನ್ನು ಹೊಸದಾಗಿ ಶುರುಮಾಡಬೇಕಾಯಿತು. ಟ್ಯೂಷನ್ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ವಾರಕ್ಕೆ ಮೂರೇ ದಿನ ಸಾಕು, ಉಳಿದ ಸಂಜೆಗಳು ಖೋಖೋಗೆ ಇರಲಿ ಎಂಬುದು ನನ್ನ ಸಲಹೆ. ಅಂಕ ಕಡಿಮೆಯಾದರೆ ಎಂಬ ತಾಯಿಯ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸದ್ಯಕ್ಕೆ ಶನಿವಾರದ ಟ್ಯೂಷನ್ ಒಂದನ್ನು ಬಿಡಿಸಿದ್ದಾರೆ. ಪಿ.ಟಿ. ಪೀರಿಯಡ್ ವಿಷಯವನ್ನು ಪೋಷಕರ ಸಭೆಯಲ್ಲಿ ಕೇಳುವುದಾಗಿ ತಂದೆಯೇ ಹೇಳಿದ್ದಾರೆ.