ಫೈಟರ್ ಜೆಟ್‌ನ ಎಕ್ಸ್‌ಟ್ರಾ ಟ್ಯಾಂಕ್ ಸಮುದ್ರಕ್ಕೆ ಬಿಸಾಕ್ತಾರಾ?

ಪ್ರಶ್ನೆ: ವಿಮಾನವಾಹಕ ನೌಕೆ ಮೇಲಿನ ಫೈಟರ್‌ಗಳ ರೆಕ್ಕೆ ಕೆಳಗೆ ಬಾಂಬ್ ಥರ ನೇತಾಡೋದು ಫ್ಯೂಯೆಲ್ ಟ್ಯಾಂಕ್ ಅಂತೆ, ಹೌದಾ ಸರ್? ಖಾಲಿ ಆದ್ಮೇಲೆ ಪ್ರತಿ ಸಲ ಸಮುದ್ರಕ್ಕೆ ಬಿಸಾಕ್ತಾರಾ? ನಮ್ಮೂರಿಗೆ ಬರೋ ವಿಕ್ರಮಾದಿತ್ಯ ನೌಕೆಯ ಮಿಗ್ ಫೈಟರ್‌ಗಳ ಕಥೆ ಏನು?
– ಓದುಗರೊಬ್ಬರು, ಕಾರವಾರ

ಉತ್ತರ: ಹೌದು, ಅದು ಡ್ರಾಪ್ ಟ್ಯಾಂಕೇ, ಅಂದ್ರೆ ಬೇಕಾದಾಗ ಕಳಚಿ ಬಿಡಬಹುದಾದ ಹೊರ ಟ್ಯಾಂಕು, ಆದ್ರೆ ಸುಮ್ಸುಮ್ನೆ ಬಿಸಾಕಲ್ಲ. ತಿಂಗಳುಗಟ್ಟಲೆ ಸಮುದ್ರದಲ್ಲಿರೋ ಹಡಗಲ್ಲಿ ಸ್ಪೇರ್ ಎಷ್ಟು ಅಂತ ಇಟ್ಕೊಳ್ಳೋಕಾಗುತ್ತೆ ಹೇಳಿ, ಅದಕ್ಕೇ ಖಾಲಿ ಟ್ಯಾಂಕ್ ಹೊತ್ಕೊಂಡೇ ವಾಪಸ್ ಇಳೀತಾರೆ, ಇಂಜಿನ್ ಕೈಕೊಟ್ಟಾಗ್ಲೋ ಕಾದಾಟದಲ್ಲಿ ಸಿಕ್ಕಿಹಾಕ್ಕೊಂಡಾಗ್ಲೋ ಮಾತ್ರ ಕಳಚಿ ಬಿಡೋದು. ಟ್ಯಾಂಕ್ ಕಟ್ಟಿದ್ರೆ ಲಾಭ ಪೂರ್ತಿ ಸಿಗಲ್ಲ, ಕಾರ್ ಮೇಲೆ ಲಗೇಜ್ ಹೇರಿದ್ರೆ ಮೈಲೇಜ್ ಬೀಳುತ್ತಲ್ಲ ಹಂಗೆ, ತಂದ ಫ್ಯೂಯೆಲ್‌ನಲ್ಲಿ ಒಂದು ಪಾಲನ್ನ ಗಾಳಿಯ ತಡೆಯೇ ತಿಂದುಬಿಡುತ್ತೆ.

ಆದ್ರೂ ಬೇಕೇ ಬೇಕು, ಯಾಕಂದ್ರೆ ನಡುಸಮುದ್ರದಲ್ಲಿ ಹಡಗು ಬಿಟ್ರೆ ಬೇರೆ ರನ್‌ವೇ ಇಲ್ಲ. ರಾತ್ರಿ ಹೊತ್ತು ಇಳಿಯುವಾಗ ವಿಮಾನದ ಬಾಲದ ಹುಕ್ ಡೆಕ್ ಮೇಲೆ ಅಡ್ಡ ಕಟ್ಟಿರೋ ವೈರ್‌ಗೆ ಸಿಗದಿದ್ರೆ ಫುಲ್ ಪವರ್ ಕೊಟ್ಟು ಮತ್ತೆ ಮೇಲೇಳ್ಬೇಕು, ಇದಕ್ಕೆ ಬೋಲ್ಟರ್ ಅಂತಾರೆ, ಎರಡು ಮೂರು ಸಲ ಹಿಂಗಾದ್ರೆ ಫ್ಯೂಯೆಲ್ ತಳ ಕಾಣುತ್ತೆ. ಅದಕ್ಕೆ ಅಮೆರಿಕದವರು ತಮ್ಮ ಸೂಪರ್ ಹಾರ್ನೆಟ್ ಫೈಟರ್ ಒಂದಕ್ಕೆ ತಲಾ ಸುಮಾರು 1,800 ಲೀಟರ್ ಹಿಡಿಯೋ ನಾಲ್ಕು ಟ್ಯಾಂಕ್ ಕಟ್ಟಿ, ಹೊಟ್ಟೆ ಕೆಳಗೆ ಪೈಪ್ ಬಿಡೋ ಪಾಡ್ ಒಂದನ್ನ ಹಾಕಿ ಹಡಗಿನ ಮೇಲ್ಗಡೆ ಸುತ್ತೋಕೆ ಬಿಟ್ಟಿರ್ತಾರೆ, ಫ್ಯೂಯೆಲ್ ಕಮ್ಮಿಯಾದ ಜೊತೆ ವಿಮಾನಕ್ಕೆ ಆ ಪೈಪಲ್ಲೇ ಎಣ್ಣೆ ಕೊಡುತ್ತೆ, ಬಡ್ಡಿ (ಇಂಗ್ಲಿಷ್‌ನಲ್ಲಿ ಗೆಳೆಯ) ಟ್ಯಾಂಕರ್ ಅಂದ್ರೆ ಇದೇ. ಕಾದಾಡೋ ವಿಮಾನವನ್ನ ಎಣ್ಣೆ ಹಂಚೋಕೆ ಸವೆಸೋದು ನನಗಂತೂ ದಂಡ ಅನ್ಸುತ್ತೆ, ಅವರಿಗೂ ಅನ್ಸಿರ್ಬೇಕು, ಆ ಕೆಲಸಕ್ಕೇ ಎಂಕ್ಯೂ-25 ಅಂತ ಪೈಲಟ್ ಇಲ್ಲದ ವಿಮಾನ ಮಾಡಿಸ್ತಿದ್ದಾರೆ, 2021ರ ಜೂನ್‌ನಲ್ಲಿ ಅದು ಮೊದಲ ಸಲ ಹಾರ್ತಾ ಹಾರ್ತಾನೇ ಸೂಪರ್ ಹಾರ್ನೆಟ್‌ಗೆ ಫ್ಯೂಯೆಲ್ ಕೊಡ್ತು.

ಇನ್ನೊಂದು ತಲೆನೋವು ತೂಕ. ಸೂಪರ್ ಹಾರ್ನೆಟ್ ಹತ್ತಿರತ್ತಿರ 30 ಟನ್ ತೂಕದಲ್ಲಿ ಏಳಬಹುದು, ಆದ್ರೆ ಡೆಕ್ ಮೇಲೆ ಇಳಿಯೋಕೆ ಸುಮಾರು 20 ಟನ್ನೇ ಮಿತಿ, ಜಾಸ್ತಿ ಉಳಿದಿದ್ರೆ ಒಳ್ಳೇ ಫ್ಯೂಯೆಲ್ಲನ್ನ ಗಾಳಿಗೆ ಚೆಲ್ಲಿ ಬರ್ಬೇಕು.

ನಿಮ್ಮೂರಿನ ವಿಕ್ರಮಾದಿತ್ಯದಲ್ಲಿ ವಿಮಾನವನ್ನ ಎಳೆದು ಚಿಮ್ಮಿಸೋ ಕ್ಯಾಟಪಲ್ಟ್ ಇಲ್ಲ, ಮೂತಿ ಹತ್ರ ಮೇಲಕ್ಕೆ ಬಾಗಿರೋ ಡೆಕ್, ಅಂದ್ರೆ ಸ್ಕೀ ಜಂಪ್ ಇರೋದು. ಮಿಗ್-29ಕೆ ಸ್ವಂತ ಇಂಜಿನ್ ಬಲದಲ್ಲೇ ಹಾರ್ಬೇಕು, ಹಂಗಾಗಿ ಫುಲ್ ಟ್ಯಾಂಕು ಫುಲ್ ಆಯುಧ ಎರಡೂ ಒಟ್ಟಿಗೆ ಕಷ್ಟ. ಟ್ಯಾಂಕ್ ಹಾಕೋ ಜಾಗ ಅದಕ್ಕೂ ಇದೆ, ಬಡ್ಡಿ ಪಾಡ್ ಕೂಡ ಹಾಕಬಹುದು.

ಪ್ರಶ್ನೆ: ಅಷ್ಟೊಂದು ಫ್ಯೂಯೆಲ್ ಹೊರಗಡೆ ನೇತಾಡ್ತಿದ್ರೆ ಬೆಂಕಿ ಭಯ ಇಲ್ವಾ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಇಲ್ದೆ ಏನು! 1967ರ ಜುಲೈ 29, ವಿಯೆಟ್ನಾಂ ಯುದ್ಧದ ಟೈಮಲ್ಲಿ ಅಮೆರಿಕದ ಫಾರೆಸ್ಟಲ್ ನೌಕೆ ಮೇಲೆ ನಿಂತಿದ್ದ ಫ್ಯಾಂಟಮ್ ಫೈಟರ್‌ನಿಂದ ಕರೆಂಟ್ ದೋಷಕ್ಕೆ ಒಂದು ಜೂನಿ ರಾಕೆಟ್ ತಾನಾಗೇ ಹಾರಿ, ಡೆಕ್ ದಾಟಿ ಎದುರಿನ ಸ್ಕೈಹಾಕ್ ವಿಮಾನ ಒಂದರ ಹೊರ ಟ್ಯಾಂಕಿಗೆ ಬಡೀತು. ರಾಕೆಟ್ ಸಿಡೀಲಿಲ್ಲ, ಟ್ಯಾಂಕ್ ಹರಿದು ಫ್ಯೂಯೆಲ್ ಚೆಲ್ಲಿ ಹೊತ್ಕೊಳ್ತು, ಒಂದೂವರೆ ನಿಮಿಷದಲ್ಲಿ ಬೆಂಕಿಗೆ ಬೆಂದ ಬಾಂಬ್ ಸಿಡಿದು ಆರಿಸೋಕೆ ಮುಂದೆ ನುಗ್ಗಿದ್ದ ತರಬೇತಾದ ತಂಡವೇ ಬಹುತೇಕ ಹೋಯ್ತು. ಒಟ್ಟು 134 ಜನ ಸತ್ರು. ಅಲ್ಲಿಂದೀಚೆ ಅವರ ನೌಕಾಪಡೆಯಲ್ಲಿ ಅಡುಗೆಯವರೂ ಸೇರಿ ಪ್ರತಿಯೊಬ್ಬರಿಗೂ ಬೆಂಕಿ ಆರಿಸೋ ಟ್ರೈನಿಂಗ್ ಕೊಡ್ತಾರೆ.